ತೂಕ ಇಳಿದ ಮೇಲೆ ಸಿಪ್ಯಾಪ್ ನಿಲ್ಲಿಸಬಹುದೇ? ನಾಲ್ಕೂವರೆ ವರ್ಷ ಬಳಸಿದ ಅನುಭವ

ನಿದ್ರೆಯಲ್ಲಿ ಉಸಿರು ಮತ್ತೆ ಮತ್ತೆ ನಿಲ್ಲುವ ಸ್ಲೀಪ್ ಅಪ್ನಿಯಾ ರೋಗಕ್ಕೆ, ಮಾಸ್ಕ್ ಮೂಲಕ ಗಾಳಿ ಊದುತ್ತ ಒತ್ತಡವನ್ನು ತಾನೇ ಹೊಂದಿಸಿಕೊಳ್ಳುವ ಆಟೋ ಸಿಪ್ಯಾಪ್ ಯಂತ್ರವನ್ನು ನಾನು 2020ರ ಡಿಸೆಂಬರ್‌ನಿಂದ ಬಳಸುತ್ತಿದ್ದೇನೆ. ಯಂತ್ರ ಓಡಿದ ಗಂಟೆಗಳ ಲೆಕ್ಕ ಈಗ ಹತ್ತು ಸಾವಿರ ದಾಟಿದೆ. ಕಂಪನಿಯ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ನಾನು ಹೇಳಹೊರಟಿರುವ ವಿಷಯ ಯಾವ ಕಂಪನಿಯ ಯಂತ್ರ ಬಳಸುವವರಿಗೂ ಒಂದೇ. ಯಂತ್ರಕ್ಕೆ ಐದು ವರ್ಷವಾಗುತ್ತ ಬಂದಿದೆ, ನನ್ನ ತೂಕ 86 ಕೆ.ಜಿ.ಯಿಂದ 73ಕ್ಕೆ ಇಳಿದಿದೆ. ಹೀಗಿರುವಾಗ ಇನ್ನೊಂದು ಯಂತ್ರ ಕೊಳ್ಳಬೇಕೇ ಅಥವಾ ಚಿಕಿತ್ಸೆಯನ್ನೇ ನಿಲ್ಲಿಸಬಹುದೇ ಎಂಬ ಪ್ರಶ್ನೆ ಈ ವರ್ಷ ನನ್ನ ಮುಂದೆ ಬಂತು. ಉತ್ತರ ಸಿಗಲು ಐದು ತಿಂಗಳು ಹಿಡಿಯಿತು, ಮಧ್ಯೆ ಒಮ್ಮೆ ತಪ್ಪು ಉತ್ತರವನ್ನೇ ನಂಬಿದ್ದೆ.

ಶಿರಸಿಯ ಪ್ರೌಢಶಾಲೆಯೊಂದರಲ್ಲಿ ಪಾಠ ಮಾಡುವ ನನಗೆ ಈಗ 56 ವರ್ಷ. ರೋಗ ಪತ್ತೆಯಾಗುವ ಮೊದಲು ಎರಡು ವರ್ಷ ಬೆಳಗಿನ ತಲೆನೋವು, ರಾತ್ರಿ ಎದೆ ಹೊಡೆದುಕೊಂಡು ಎಚ್ಚರವಾಗುವುದು, ಮಧ್ಯಾಹ್ನ ಉತ್ತರಪತ್ರಿಕೆಯ ಮೇಲೆ ಪೆನ್ನು ಹಿಡಿದಂತೆಯೇ ತೂಕಡಿಸುವುದು, ಇವೆಲ್ಲ ಇದ್ದವು. ಮುಟ್ಟು ನಿಲ್ಲುವ ಕಾಲದ ತೊಂದರೆ ಎಂದು ಎಲ್ಲರೂ ಹೇಳಿದರು, ನಾನೂ ನಂಬಿದೆ. ಮುಟ್ಟು ನಿಂತ ಮೇಲೆ ಹೆಂಗಸರಲ್ಲಿ ಸ್ಲೀಪ್ ಅಪ್ನಿಯಾ ಹೆಚ್ಚುತ್ತದೆ ಎಂಬುದು ಆಗ ನನಗೆ ತಿಳಿದಿರಲಿಲ್ಲ. ಗೊರಕೆ ಗಂಡಸರ ಕಾಯಿಲೆ ಎಂಬ ಭಾವನೆ ನಮ್ಮಲ್ಲಿ ಗಟ್ಟಿಯಾಗಿದೆ, ಅದರಿಂದ ಎಷ್ಟೋ ಹೆಂಗಸರ ರೋಗ ಹೊರಗೆ ಬರುವುದೇ ಇಲ್ಲ. ಕೊನೆಗೆ ಕುಮಟೆಯ ತವರಿಗೆ ಕಾರಿನಲ್ಲಿ ಹೋಗುತ್ತಿದ್ದಾಗ ದೇವಿಮನೆ ಘಟ್ಟದ ತಿರುವೊಂದರಲ್ಲಿ ಕಣ್ಣು ಮುಚ್ಚಿಹೋಯಿತು. ಎಡಗಡೆಯ ಗಾಲಿಗಳು ಡಾಂಬರು ಬಿಟ್ಟು ಜಲ್ಲಿಗೆ ಇಳಿದ ಸದ್ದಿಗೆ ಎಚ್ಚರವಾಯಿತು. ಪಕ್ಕದಲ್ಲಿದ್ದ ನಮ್ಮವರು ಸ್ಟೇರಿಂಗ್ ಹಿಡಿದುಕೊಂಡರು. ಆ ವಾರವೇ ಹುಬ್ಬಳ್ಳಿಗೆ ಹೋಗಿ ಒಂದು ರಾತ್ರಿ ಆಸ್ಪತ್ರೆಯಲ್ಲಿ ಮಲಗಿ ನಿದ್ರೆಯ ಪರೀಕ್ಷೆ ಮಾಡಿಸಿದೆವು. ಎಎಚ್‌ಐ 38 ಬಂತು.

ಎಎಚ್‌ಐ ಎಂದರೆ ನಿದ್ರೆಯ ಒಂದು ಗಂಟೆಯಲ್ಲಿ ಸರಾಸರಿ ಎಷ್ಟು ಸಲ ಉಸಿರು ಕನಿಷ್ಠ ಹತ್ತು ಸೆಕೆಂಡು ನಿಂತುಹೋಗುತ್ತದೆ ಅಥವಾ ಅರೆಬರೆಯಾಗುತ್ತದೆ ಎಂಬ ಲೆಕ್ಕ. ದೊಡ್ಡವರಲ್ಲಿ 5ಕ್ಕಿಂತ ಕಡಿಮೆ ಇದ್ದರೆ ಸಹಜ, 15ರವರೆಗೆ ಸೌಮ್ಯ, 15ರಿಂದ 30 ಮಧ್ಯಮ, 30ರ ಮೇಲೆ ತೀವ್ರ. ಮಲಗಿದಾಗ ಗಂಟಲಿನ ಸ್ನಾಯುಗಳು ಸಡಿಲಾಗಿ ಉಸಿರಿನ ದಾರಿ ಮುಚ್ಚಿಕೊಳ್ಳುತ್ತದೆ. ಸಿಪ್ಯಾಪ್ ಮೂಗಿನ ಮೂಲಕ ಸಣ್ಣ ಒತ್ತಡದ ಗಾಳಿಯನ್ನು ಬಿಡದೆ ಊದುತ್ತ ಆ ದಾರಿಯನ್ನು ತೆರೆದಿಡುತ್ತದೆ. ಆಸ್ಟ್ರೇಲಿಯಾದ ವೈದ್ಯ ಕಾಲಿನ್ ಸಲ್ಲಿವನ್ ಸಿಡ್ನಿಯಲ್ಲಿ ಇದನ್ನು ರೂಪಿಸಿ 1981ರಲ್ಲಿ ಪ್ರಕಟಿಸಿದರು, ಅಂದಿನಿಂದ ಮೂಲ ತತ್ವ ಬದಲಾಗಿಲ್ಲ. ಗಾಳಿ ಬರುವಷ್ಟು ಹೊತ್ತು ದಾರಿ ತೆರೆದಿರುತ್ತದೆ, ಗಾಳಿ ನಿಂತರೆ ಗಂಟಲು ಮೊದಲಿನಂತೆಯೇ.

ಯಂತ್ರದ ಬಗ್ಗೆ ಹೇಳಬೇಕಾದದ್ದನ್ನು ಮೊದಲು ಹೇಳಿಬಿಡುತ್ತೇನೆ. ಕೊಟ್ಟ 52,000 ರೂಪಾಯಿಗೆ ಅದು ನನಗೆ ಪೂರ್ತಿ ನ್ಯಾಯ ಸಲ್ಲಿಸಿದೆ. ಎರಡನೆಯ ವಾರದಲ್ಲಿಯೇ ಬೆಳಗಿನ ತಲೆನೋವು ಹೋಯಿತು. ವರ್ಷದೊಳಗೆ ರಕ್ತದೊತ್ತಡದ ಎರಡು ಮಾತ್ರೆಗಳಲ್ಲಿ ಒಂದನ್ನು ವೈದ್ಯರು ನಿಲ್ಲಿಸಿದರು. ಮಾಸ್ಕ್ ಮಾತ್ರ ಮೊದಲ ಆರು ತಿಂಗಳು ಬಹಳ ಕಾಡಿತು. ಮಾರಿದವರು ಮುಖದ ಅಳತೆ ತೆಗೆಯದೆ ಬಾಯಿ ಮೂಗು ಎರಡೂ ಮುಚ್ಚುವ ದೊಡ್ಡ ಮಾಸ್ಕ್ ಕೊಟ್ಟಿದ್ದರು. ಅದರ ಅಂಚಿನಿಂದ ಗಾಳಿ ಸೋರಿ ಕಣ್ಣಿಗೆ ಹೊಡೆಯುತ್ತಿತ್ತು. ಮೂಗಿಗಷ್ಟೇ ಹಾಕುವ ಚಿಕ್ಕ ಮಾಸ್ಕ್ ಕೊಂಡ ಮೇಲೆ ಸೋರುವುದು ನಿಂತಿತು. ಕೊಳ್ಳುವವರು ಹಣ ಕೊಡುವ ಮೊದಲು ಮಾಸ್ಕ್ ಹಾಕಿಕೊಂಡು, ಯಂತ್ರ ಓಡಿಸಿ, ಅರ್ಧ ಗಂಟೆ ಮಲಗಿ ನೋಡಲೇಬೇಕು.

ಇನ್ನು ನಮ್ಮ ಕಡೆಯ ಮಳೆಗಾಲ. ಜುಲೈನಲ್ಲಿ ಮನೆಯೊಳಗೆ ಏನೂ ಒಣಗುವುದಿಲ್ಲ. ಬೆಳಿಗ್ಗೆ ತೊಳೆದು ಗಿಳಿಗೂಟಕ್ಕೆ ತೂಗಿದ ಮಾಸ್ಕಿನ ಪಟ್ಟಿ ರಾತ್ರಿಗೂ ಹಸಿಯಾಗಿಯೇ ಇರುತ್ತದೆ, ನಾಲ್ಕು ದಿನ ಬಿಟ್ಟರೆ ಹೊಲಿಗೆಯ ಸಾಲಿನಲ್ಲಿ ಬೂಷ್ಟು ಹಿಡಿಯುತ್ತದೆ. ಒಮ್ಮೆ ಬಚ್ಚಲೊಲೆಯ ಮೇಲೆ ಒಣಗಿಸಿ, ಆ ರಾತ್ರಿಯಿಡೀ ಹೊಗೆಯ ವಾಸನೆಯನ್ನೇ ಉಸಿರಾಡಿದ್ದೇನೆ. ಈಗ ಎರಡು ಪಟ್ಟಿ ಇಟ್ಟುಕೊಂಡು ಫ್ಯಾನಿನ ಕೆಳಗೆ ಸರದಿಯಲ್ಲಿ ಒಣಗಿಸುತ್ತೇನೆ. ಗಾಳಿಯ ಫಿಲ್ಟರನ್ನು ತಿಂಗಳಿಗೊಮ್ಮೆ ಬದಲಾಯಿಸುತ್ತೇನೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಊದುವ ಗಾಳಿಗೆ ತೇವ ಕೊಡಲು ಯಂತ್ರದಲ್ಲಿರುವ ನೀರಿನ ತೊಟ್ಟಿ ಬೇಕಾಗುವುದೇ ಇಲ್ಲ, ನಮ್ಮ ಗಾಳಿಯಲ್ಲಿಯೇ ಅಷ್ಟು ತೇವವಿರುತ್ತದೆ. ತೊಟ್ಟಿಯ ಹೀಟರ್ ಆರಿಸಿದರೆ ವಿದ್ಯುತ್ ಬಳಕೆ ಅರ್ಧಕ್ಕಿಂತ ಕಡಿಮೆಯಾಗುತ್ತದೆ. ಮರ ಬಿದ್ದು ಕರೆಂಟ್ ಹೋದಾಗ ಇನ್ವರ್ಟರಿನಲ್ಲಿ ಎರಡು ರಾತ್ರಿ ನಡೆಸಲು ಸಾಧ್ಯವಾದದ್ದು ಇದರಿಂದಲೇ.

ಮೂರನೆಯ ರಾತ್ರಿಯೂ ಕರೆಂಟ್ ಬರದಿದ್ದ ಒಂದು ಸಂದರ್ಭದಿಂದಲೇ ನಿಲ್ಲಿಸುವ ಯೋಚನೆ ಹುಟ್ಟಿತು. ಕಳೆದ ವರ್ಷದ ಮಳೆಗಾಲದಲ್ಲಿ ಅನಿವಾರ್ಯವಾಗಿ ಯಂತ್ರವಿಲ್ಲದೆ ಮಲಗಿದೆ, ಬೆಳಿಗ್ಗೆ ಯಾವ ತೊಂದರೆಯೂ ಇರಲಿಲ್ಲ. ಅಷ್ಟರಲ್ಲಿ ತೂಕವೂ ಇಳಿದಿತ್ತು. ಬೆಳಗಿನ ತೆಳ್ಳೇವು ನಾಲ್ಕರಿಂದ ಎರಡಾಗಿ, ರಾತ್ರಿಯ ಅನ್ನ ನಿಂತು, ಪ್ರತಿ ಸಂಜೆ ಕೋಟೆಕೆರೆಯ ಕಡೆಗೆ ನಡೆಯುವ ರೂಢಿಯಾಗಿ ಎರಡು ವರ್ಷವಾಗಿತ್ತು. ಶಾಲೆಯಲ್ಲಿ ಸಹೋದ್ಯೋಗಿಯೊಬ್ಬರು, “ಅಕ್ಕೋರೆ, ಇಷ್ಟೆಲ್ಲ ಇಳಿಸ್ಕೊಂಡ್ರಿ, ಇನ್ನೂ ಎಂತಕ್ಕೆ ಆ ಮೆಶಿನ್ನು?” ಎಂದು ಕೇಳಿದರು. ಯಂತ್ರ ಮಾರಿದ ಅಂಗಡಿಗೆ ಫೋನ್ ಮಾಡಿದರೆ, ಪರದೆಯ ಮೇಲೆ ಎಎಚ್‌ಐ ಮೂರು ತಿಂಗಳು 5ಕ್ಕಿಂತ ಕೆಳಗಿದ್ದರೆ ನಿಲ್ಲಿಸಬಹುದು ಎಂದುಬಿಟ್ಟರು. ನನ್ನ ಪರದೆಯಲ್ಲಿ ವರ್ಷವಿಡೀ 1.6 ತೋರಿಸುತ್ತಿತ್ತು.

ಅಂಗಡಿಯವರ ಈ ಮಾತು ಅಪಾಯಕಾರಿ. ಪರದೆಯ ಮೇಲಿನ ಅಂಕಿ ಗಾಳಿ ಊದುತ್ತಿರುವಾಗಿನ ಅಂಕಿ, ಚಿಕಿತ್ಸೆ ಚೆನ್ನಾಗಿ ನಡೆಯುತ್ತಿದೆ ಎಂಬುದಕ್ಕೆ ಮಾತ್ರ ಅದು ಸಾಕ್ಷಿ. ಹುಬ್ಬಳ್ಳಿಯ ವೈದ್ಯರು ಇದನ್ನು ಒಂದೇ ವಾಕ್ಯದಲ್ಲಿ ಹೇಳಿದರು: “ಚಾಳೀಸ ಹಾಕ್ಕೊಂಡಾಗ ಅಕ್ಷರ ಚಲೋ ಕಾಣ್ತಾವ ಅಂತ ಕಣ್ಣು ಚಲೋ ಆಗ್ಯಾವ ಅನ್ನಾಕ ಬರೂದಿಲ್ರಿ, ಮೇಡಂ.” ಯಂತ್ರದ ದಾಖಲೆಯಲ್ಲಿ ನಿಜವಾದ ಸುಳಿವು ಬೇರೆ ಕಡೆ ಇತ್ತು. ಗಂಟಲು ತೆರೆದಿಡಲು ಆಟೋ ಯಂತ್ರ ಹೆಚ್ಚಿನ ರಾತ್ರಿಗಳಲ್ಲಿ ಏರಬೇಕಾಗುತ್ತಿದ್ದ ಒತ್ತಡ 2021ರಲ್ಲಿ 11.4 ಸೆಂಟಿಮೀಟರ್ ನೀರಿನಷ್ಟಿತ್ತು (ಈ ಯಂತ್ರಗಳ ಒತ್ತಡವನ್ನು ಅಳೆಯುವುದು ಈ ಮಾನದಲ್ಲಿ), ಈ ವರ್ಷ 8.2ಕ್ಕೆ ಇಳಿದಿತ್ತು. ರೋಗ ಸಡಿಲವಾಗಿದೆ ಎಂದು ಊಹಿಸಲು ಅದೊಂದು ಕಾರಣ. ಆದರೆ ಊಹೆಯನ್ನು ಯಂತ್ರವಿಲ್ಲದ ಪರೀಕ್ಷೆಯಿಂದಲೇ ಖಚಿತಪಡಿಸಿಕೊಳ್ಳಬೇಕು.

ತೂಕ ಇಳಿದರೆ ರೋಗ ಇಳಿಯುತ್ತದೆ ಎಂಬುದು ಸತ್ಯ. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ 690 ಜನರನ್ನು ನಾಲ್ಕು ವರ್ಷ ಗಮನಿಸಿ 2000ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಶೇಕಡಾ 10ರಷ್ಟು ತೂಕ ಇಳಿದರೆ ಎಎಚ್‌ಐ ಸುಮಾರು ಶೇಕಡಾ 26ರಷ್ಟು ಇಳಿಯುತ್ತದೆ, ಅಷ್ಟೇ ತೂಕ ಏರಿದರೆ ಶೇಕಡಾ 32ರಷ್ಟು ಏರುತ್ತದೆ. ನಾನು ಇಳಿಸಿದ್ದು ಶೇಕಡಾ 15. ಆ ಲೆಕ್ಕ ಹಿಡಿದರೆ 38 ಇದ್ದದ್ದು 23ರ ಆಸುಪಾಸಿಗೆ ಬರಬೇಕು, 5ಕ್ಕಂತೂ ಅಲ್ಲ. ಈ ಸರಳ ಗುಣಾಕಾರವನ್ನು ಮೊದಲೇ ಮಾಡಿದ್ದರೆ ಮುಂದಿನ ತಪ್ಪು ಆಗುತ್ತಿರಲಿಲ್ಲ. ಔಷಧದಿಂದ ತೂಕ ಇಳಿಸುತ್ತಿರುವವರಿಗೂ ಇದೇ ಎಚ್ಚರಿಕೆ ಬೇಕು. ಟಿರ್ಜೆಪಟೈಡ್ ಎಂಬ ಚುಚ್ಚುಮದ್ದಿಗೆ 2024ರ ಡಿಸೆಂಬರ್‌ನಲ್ಲಿ ಅಮೆರಿಕದಲ್ಲಿ, ಬೊಜ್ಜಿನ ಜೊತೆಗೆ ಮಧ್ಯಮ ಅಥವಾ ತೀವ್ರ ಅಪ್ನಿಯಾ ಇರುವವರಿಗಾಗಿ ಅನುಮತಿ ಸಿಕ್ಕಿದೆ. ಅದನ್ನು ತೆಗೆದುಕೊಂಡವರೂ ಮರುಪರೀಕ್ಷೆಯಿಲ್ಲದೆ ಯಂತ್ರ ಬಿಡುವುದು ಸರಿಯಲ್ಲ.

ನನ್ನ ತಪ್ಪು ಮನೆಯಲ್ಲಿ ಮಾಡಿಸಿಕೊಂಡ ಪರೀಕ್ಷೆಯಿಂದ ಆಯಿತು. ಮಾರ್ಚ್‌ನಲ್ಲಿ ಬಾಡಿಗೆಗೆ ತರಿಸಿದ ಚಿಕ್ಕ ಉಪಕರಣವದು. ಎದೆಗೊಂದು ಪಟ್ಟಿ, ಮೂಗಿಗೆ ಎರಡು ಕವಲಿನ ತೆಳು ನಳಿಕೆ, ತೋರುಬೆರಳಿಗೆ ಆಮ್ಲಜನಕ ಅಳೆಯುವ ಕ್ಲಿಪ್. ಕತ್ತಲಲ್ಲಿ ಆ ಕ್ಲಿಪ್ಪಿನ ಕೆಂಪು ಬೆಳಕು ಉಗುರಿನ ಸುತ್ತ ಹೊಳೆಯುತ್ತಿತ್ತು, ಕೈ ಕದಲಿಸಿದರೆ ಗೋಡೆಯ ಮೇಲೂ ಕದಲುತ್ತಿತ್ತು. ಪಟ್ಟಿ ಜಾರೀತೆಂಬ ಆತಂಕದಲ್ಲಿ ಮೂರು ಗಂಟೆಯವರೆಗೆ ಸರಿಯಾಗಿ ನಿದ್ರೆಯೇ ಬರಲಿಲ್ಲ. ವರದಿಯಲ್ಲಿ 9 ಎಂದು ಬಂದಿತ್ತು. ಸೌಮ್ಯ ಎಂಬ ಪದ ಓದಿ ಸಂತೋಷದಿಂದ ಯಂತ್ರವನ್ನು ಚೀಲಕ್ಕೆ ಹಾಕಿ ಕಪಾಟಿನಲ್ಲಿಟ್ಟೆ.

ಆ 9 ಏಕೆ ನಂಬಲರ್ಹವಾಗಿರಲಿಲ್ಲ ಎಂಬುದು ಆಮೇಲೆ ತಿಳಿಯಿತು. ಇಂಥ ಉಪಕರಣ ಮೆದುಳಿನ ಅಲೆಗಳನ್ನು ದಾಖಲಿಸುವುದಿಲ್ಲ, ಆದ್ದರಿಂದ ನಾವು ಎಚ್ಚರವಾಗಿದ್ದೆವೋ ನಿದ್ರಿಸುತ್ತಿದ್ದೆವೋ ಅದಕ್ಕೆ ಗೊತ್ತಾಗದು. ಉಸಿರು ನಿಂತ ಸಂಖ್ಯೆಯನ್ನು ಅದು ನಿದ್ರಿಸಿದ ಗಂಟೆಗಳ ಬದಲು ದಾಖಲಿಸಿದ ಒಟ್ಟು ಗಂಟೆಗಳಿಂದ ಭಾಗಿಸುತ್ತದೆ. ಎಚ್ಚರವಾಗಿ ಕಳೆದ ಗಂಟೆಗಳೂ ಸೇರಿ ಅಂಕಿ ಚಿಕ್ಕದಾಗುತ್ತದೆ. ಹೆಂಗಸರಲ್ಲಿ ಅಪ್ನಿಯಾ ಹಲವು ವೇಳೆ ಕನಸು ಕಾಣುವ ಹಂತದ ನಿದ್ರೆಯಲ್ಲಿಯೇ ಗುಂಪುಗೂಡಿರುತ್ತದೆ, ಆ ರಾತ್ರಿ ನನಗೆ ಅಂಥ ನಿದ್ರೆ ಸಿಕ್ಕಿದ್ದೇ ಅತ್ಯಲ್ಪ. ಮೇಲಾಗಿ ಅದು ಯಂತ್ರ ಬಿಟ್ಟ ಮೊದಲ ರಾತ್ರಿ. ವರ್ಷಗಟ್ಟಲೆ ಚಿಕಿತ್ಸೆಯಿಂದ ಗಂಟಲಿನ ಊತ ಇಳಿದಿರುವುದರಿಂದ ಮೊದಲ ಒಂದೆರಡು ರಾತ್ರಿ ಉಸಿರು ಇದ್ದುದಕ್ಕಿಂತ ಚೆನ್ನಾಗಿ ಕಾಣಬಹುದು. ಕರೆಂಟ್ ಇಲ್ಲದ ಆ ರಾತ್ರಿ ನನಗೆ ಸುಖವಾಗಿ ಕಂಡದ್ದಕ್ಕೂ ಇದೇ ಕಾರಣವಿರಬೇಕು.

ಯಂತ್ರ ಕಪಾಟು ಸೇರಿದ ಒಂಬತ್ತನೆಯ ದಿನ ಬೆಳಿಗ್ಗೆ ಕಷಾಯ ಕುಡಿಯುತ್ತಿದ್ದಾಗ ನಮ್ಮವರು ಮೆಲ್ಲಗೆ, “ನಿನ್ನೆ ರಾತ್ರೆ ಮತ್ತೆ ಉಸ್ರು ನಿಂತ್ಕಂಡಿತ್ತು” ಎಂದರು. ಅವರು ಎರಡು ರಾತ್ರಿಯಿಂದ ನಿದ್ರೆಗೆಟ್ಟು ನನ್ನನ್ನೇ ನೋಡುತ್ತಿದ್ದರಂತೆ. ನಾನು ಮಾತ್ರ ಚೆನ್ನಾಗಿಯೇ ಇದ್ದೇನೆಂದು ತಿಳಿದಿದ್ದೆ. ಮನೆಯ ಉಪಕರಣದಲ್ಲಿ ರಕ್ತದೊತ್ತಡ ನೋಡಿದರೆ 128ರ ಆಸುಪಾಸಿನಲ್ಲಿರುತ್ತಿದ್ದ ಮೇಲಿನ ಅಂಕಿ 142 ಆಗಿತ್ತು. ಸ್ವಿಟ್ಜರ್ಲೆಂಡಿನ ಜೂರಿಕ್‌ನಲ್ಲಿ ನಡೆದು 2011ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಸಿಪ್ಯಾಪ್ ಬಳಸುತ್ತಿದ್ದವರಲ್ಲಿ ಕೆಲವರಿಗೆ ಎರಡು ವಾರ ಅದನ್ನು ನಿಲ್ಲಿಸಿ ನೋಡಿದ್ದಾರೆ. ಕೆಲವೇ ದಿನಗಳಲ್ಲಿ ಅಪ್ನಿಯಾ ಮರಳಿದೆ, ಎರಡು ವಾರದ ಹೊತ್ತಿಗೆ ಬೆಳಗಿನ ರಕ್ತದೊತ್ತಡ ಸುಮಾರು 8 ಅಂಕ ಏರಿದೆ. ನನ್ನ ದೇಹದಲ್ಲಿಯೂ ಅದೇ ದಾರಿ ಕಾಣಿಸಿತ್ತು.

ಮೇ ತಿಂಗಳಲ್ಲಿ ಹುಬ್ಬಳ್ಳಿಯಲ್ಲಿ ಮತ್ತೆ ಪೂರ್ಣ ಪರೀಕ್ಷೆ ಮಾಡಿಸಿದೆ. ಅದಕ್ಕೆ ಮೊದಲು ಒಂದು ವಾರ ಯಂತ್ರ ಬಿಟ್ಟಿರಲು ವೈದ್ಯರೇ ಹೇಳಿದ್ದರು. ಆ ವಾರ ಕಾರು, ಸ್ಕೂಟರ್ ಎರಡನ್ನೂ ಮುಟ್ಟಕೂಡದು, ನಿದ್ರೆ ಮಾತ್ರೆ ತೆಗೆದುಕೊಳ್ಳಕೂಡದು ಎಂಬ ಕಟ್ಟುನಿಟ್ಟೂ ಇತ್ತು. ಫಲಿತಾಂಶ ಒಟ್ಟಾರೆ 17. ಬೆನ್ನ ಮೇಲೆ ಮಲಗಿದಾಗ 29, ಮಗ್ಗುಲಲ್ಲಿ 8, ಕನಸಿನ ನಿದ್ರೆಯಲ್ಲಿ 34. ತೀವ್ರದಿಂದ ಮಧ್ಯಮಕ್ಕೆ ಇಳಿದಿದೆ, ಇಳಿದದ್ದು ನನ್ನ ಎರಡು ವರ್ಷದ ನಡಿಗೆಯ ಫಲವೇ. ಆದರೆ ಘಟ್ಟದ ರಸ್ತೆಯಲ್ಲಿ ಕಣ್ಣು ಮುಚ್ಚಿದವಳಿಗೆ, ರಕ್ತದೊತ್ತಡ ಇರುವವಳಿಗೆ, 17 ಎಂಬುದು ನಿಲ್ಲಿಸುವ ಅಂಕಿಯಲ್ಲ.

ಎಲ್ಲರೂ ಜೀವನಪೂರ್ತಿ ಹಾಕಿಕೊಳ್ಳಲೇಬೇಕು ಎಂದು ನಾನು ಹೇಳುತ್ತಿಲ್ಲ. ಪೂರ್ಣ ಪರೀಕ್ಷೆಯಲ್ಲಿ 5ಕ್ಕಿಂತ ಕೆಳಗೆ ಬಂದವರು, ಅಥವಾ ಸೌಮ್ಯ ಹಂತದಲ್ಲಿದ್ದು ಹಗಲು ತೂಕಡಿಕೆಯಿಲ್ಲದ, ರಕ್ತದೊತ್ತಡವಿಲ್ಲದವರು ವೈದ್ಯರ ಒಪ್ಪಿಗೆಯಿಂದ ಬಿಡಬಹುದು, ಬಿಟ್ಟವರೂ ಇದ್ದಾರೆ. ಸಿಪ್ಯಾಪ್ ಹೃದಯಾಘಾತ ತಪ್ಪಿಸುವುದಿಲ್ಲ ಎಂದು 2016ರ ಸೇವ್ ಅಧ್ಯಯನ ತೋರಿಸಿದೆ, ಮತ್ತೇಕೆ ಅದು ಎಂದು ಬಂಧುವೊಬ್ಬರು ವಾದಿಸಿದರು. ಹೌದು, ಆ ಅಧ್ಯಯನದಲ್ಲಿ ಮೊದಲೇ ಹೃದಯದ ಅಥವಾ ಮೆದುಳಿನ ರಕ್ತನಾಳದ ಕಾಯಿಲೆಯಿದ್ದವರಲ್ಲಿ ಅಂಥ ಲಾಭ ಕಾಣಲಿಲ್ಲ. ಆದರೆ ಅದರಲ್ಲಿದ್ದವರು ಯಂತ್ರ ಹಾಕಿಕೊಂಡದ್ದು ರಾತ್ರಿಗೆ ಸರಾಸರಿ 3.3 ಗಂಟೆ ಮಾತ್ರ, ಹಗಲಿನ ತೂಕಡಿಕೆ ಅವರಲ್ಲಿಯೂ ಕಡಿಮೆಯಾಯಿತು. ವಾಹನ ಓಡಿಸುವವರಿಗೆ, ತೋಟದಲ್ಲಿ ಅಡಿಕೆ ಮರ ಹತ್ತುವವರಿಗೆ, ದೋಣಿಯಲ್ಲಿ ರಾತ್ರಿ ಕಳೆಯುವವರಿಗೆ ಆ ಒಂದು ಲಾಭವೇ ಜೀವ ಉಳಿಸುವಂಥದ್ದು.

ವೈದ್ಯರು ಈಗ ಒತ್ತಡವನ್ನು 6 ಮತ್ತು 10ರ ನಡುವೆ ಇರುವಂತೆ ಇಳಿಸಿದ್ದಾರೆ, ಗಾಳಿಯ ಸದ್ದೂ ಮಾಸ್ಕಿನ ಸೋರಿಕೆಯೂ ಮೊದಲಿಗಿಂತ ಕಡಿಮೆಯಾಗಿವೆ. ಇನ್ನು ನಾಲ್ಕು ಕೆ.ಜಿ. ಇಳಿದರೆ ಮುಂದಿನ ಮೇ ತಿಂಗಳಲ್ಲಿ ಮತ್ತೆ ಪರೀಕ್ಷೆ ಮಾಡೋಣ ಎಂದಿದ್ದಾರೆ. ಹೊಸ ಯಂತ್ರಕ್ಕೆ ಮುಂಗಡ ಕೊಟ್ಟಿದ್ದೇನೆ. ಹಳೆಯದು ಇನ್ನೂ ಚೆನ್ನಾಗಿಯೇ ಓಡುತ್ತಿರುವುದರಿಂದ ಅದನ್ನು ಕುಮಟೆಯಲ್ಲಿ, ತವರಿನ ಮಾಳಿಗೆಯ ಕೋಣೆಯಲ್ಲಿ ಇಡುತ್ತೇನೆ. ಇಷ್ಟು ವರ್ಷ ಅಲ್ಲಿ ಉಳಿದ ರಾತ್ರಿಗಳಲ್ಲಿಯೇ ಯಂತ್ರ ಹೊತ್ತೊಯ್ಯುವ ಬೇಸರಕ್ಕೆ ನಾನು ಚಿಕಿತ್ಸೆ ತಪ್ಪಿಸುತ್ತಿದ್ದೆ, ಮರುದಿನ ಘಟ್ಟ ಹತ್ತಿ ಬರುವುದೂ ನಾನೇ ಕಾರು ಓಡಿಸಿಕೊಂಡು.