ಜಯನಗರದ ಶಾಪದ ಕ್ಲಾಸು: ಮೇಡಂಗೆ ಒಂದು ತಕರಾರು

ಜಯನಗರ ನಾಲ್ಕನೇ ಬ್ಲಾಕಿನ ಹತ್ತಿರ ಮೇಣದಬತ್ತಿ, ಟ್ಯಾರೋ ಕಾರ್ಡು ಮಾರುವ ಒಂದು ಚಿಕ್ಕ ಅಂಗಡಿ ಇದೆ. ಮಹಡಿ ಮೇಲೆ ಭಾನುವಾರ ವಿಕ್ಕಾ ಕ್ಲಾಸು. ವಿಕ್ಕಾ ಅಂದರೆ ಇಂಗ್ಲೆಂಡಿನಲ್ಲಿ ಶುರುವಾದ, ಮಂತ್ರವಿದ್ಯೆಯೂ ಸೇರಿದ ಒಂದು ಪಂಥ. ಈ ಸಲದ ವಿಷಯ ಹೆಕ್ಸ್, ಅಂದರೆ ಶಾಪ. ಹಾಕಬಹುದಾ, ಹಾಕುವುದಾದರೆ ಹೇಗೆ? ಫೀಸು 1,200 ರೂಪಾಯಿ, ಸಾಮಾನಿಗೆ ಬೇರೆ 300. ಮೇಡಂ ತುಂಬಾ ಚೆನ್ನಾಗಿ ಕಲಿಸುತ್ತಾರೆ. ಒಂದೇ ಒಂದು ಕಡೆ ನನಗೆ ದೊಡ್ಡ ತಕರಾರಿದೆ.

ನಾನು ಹೆಣ್ಣುಮಕ್ಕಳ ಸಹಾಯವಾಣಿಯಲ್ಲಿ ಫೋನ್ ತೆಗೆದುಕೊಳ್ಳುವವಳು. ಮನೆಯಲ್ಲಿ ಹುಣ್ಣಿಮೆ ಹುಣ್ಣಿಮೆಗೆ ವಿಕ್ಕಾ ಪೂಜೆಯನ್ನೂ ಮಾಡುತ್ತೇನೆ. ಎರಡೂ ಕಡೆಯಿಂದ ನೋಡಿ ಬರೆಯುತ್ತಿದ್ದೇನೆ.

ಮೊದಲು ಇತಿಹಾಸ. ಇಂಗ್ಲೆಂಡಿನಲ್ಲಿ ವಾಮಾಚಾರದ ವಿರುದ್ಧದ ಹಳೆಯ ಕಾಯ್ದೆ ರದ್ದಾದದ್ದು 1951ರಲ್ಲಿ. ಆಮೇಲೆ ಅಲ್ಲಿನವರೇ ಆದ ಜೆರಾಲ್ಡ್ ಗಾರ್ಡ್ನರ್ ವಿಕ್ಕಾವನ್ನು ಬಹಿರಂಗಕ್ಕೆ ತಂದರು. ಯಾರಿಗೂ ಕೇಡಾಗದಿದ್ದರೆ ನಿನಗೆ ಬೇಕಾದ್ದು ಮಾಡು ಅನ್ನುವ ಸೂತ್ರವನ್ನು 1964ರ ಭಾಷಣದಲ್ಲಿ ಹೇಳಿದ್ದು ಗಾರ್ಡ್ನರ್ ಅವರ ಶಿಷ್ಯೆ ಡೊರೀನ್ ವ್ಯಾಲಿಯೆಂಟೆ. ಮಾಡಿದ್ದು ಮೂರು ಪಟ್ಟಾಗಿ ತಿರುಗಿ ಬರುತ್ತದೆ ಅನ್ನುವ ನಂಬಿಕೆಯೂ ಇದೆ. ಆದರೆ ಪೇಗನ್ನರೆಲ್ಲ, ಅಂದರೆ ವಿಕ್ಕಾದಂಥ ಪ್ರಕೃತಿ ಪೂಜೆಯ ಪಂಥಗಳವರೆಲ್ಲ, ಇದನ್ನು ಒಪ್ಪುವುದಿಲ್ಲ. ಶಪಿಸಲು ಬಾರದವಳಿಗೆ ವಾಸಿ ಮಾಡಲೂ ಬಾರದು ಅನ್ನುವವರು ಅವರಲ್ಲೇ ಇದ್ದಾರೆ. 2018ರ ಅಕ್ಟೋಬರಿನಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಒಂದು ಪುಸ್ತಕದಂಗಡಿಯವರು ಟಿಕೆಟ್ ಇಟ್ಟು, ಅಮೆರಿಕದ ಸುಪ್ರೀಂ ಕೋರ್ಟ್ ಜಡ್ಜ್ ಬ್ರೆಟ್ ಕ್ಯಾವನಾ ಮೇಲೆ ಹೆಕ್ಸ್ ಹಾಕಿದರು. ಅದು ಸರಿಯಾ ತಪ್ಪಾ ಅಂತ ಪೇಗನ್ನರಲ್ಲೇ ಜಗಳವಾಯಿತು. ಮೇಡಂ ಎರಡೂ ಕಡೆಯ ಮಾತನ್ನು ನೇರವಾಗಿ ಮುಂದಿಟ್ಟರು. ಯಾರನ್ನೂ ಹೆದರಿಸಲಿಲ್ಲ.

ನನಗೆ ಜಾಸ್ತಿ ಹಿಡಿಸಿದ್ದು ಇದು. ಒಬ್ಬ ಹುಡುಗಿಗೆ ಹಳೆಯ ಗೆಳೆಯ ಫೋಟೋ ಇಟ್ಟುಕೊಂಡು ಕಾಟ ಕೊಡುತ್ತಿದ್ದ. ಅವನ ಮೇಲೆ ಶಾಪ ಬೇಕು ಅಂದಳು. ಮೇಡಂ ಕೇಳಿದ ಮೊದಲ ಪ್ರಶ್ನೆ: "ಪೊಲೀಸಿಗೆ ದೂರು ಕೊಟ್ಟಿದ್ದೀಯಾ ಪುಟ್ಟಾ?" ಕೊಟ್ಟಿರಲಿಲ್ಲ. ಪಕ್ಕದಲ್ಲಿ ಕೂರಿಸಿಕೊಂಡು ಅಲ್ಲೇ ಆನ್‌ಲೈನಿನಲ್ಲಿ ದೂರು ಬರೆಸಿದರು. ಆಮೇಲೆ ಬೈಂಡಿಂಗ್ ಕಲಿಸಿದರು. ಅಂದರೆ ಅವನಿಗೆ ಕೇಡು ಬಯಸದೆ, ಕೇಡು ಮಾಡುವ ಅವನ ಕೈಯನ್ನು ಮಾತ್ರ ಕಟ್ಟುವ ವಿಧಿ. ಕಪ್ಪು ದಾರ, ಮೇಣದಬತ್ತಿ, ಅಷ್ಟೇ. ದುಡ್ಡು ಕೊಡ್ತೀನಿ, ನೀವೇ ಮಾಡಿಕೊಡಿ ಅಂದವರಿಗೆ ಖಡಾಖಂಡಿತವಾಗಿ ಆಗಲ್ಲ ಅಂದರು. ಅದು ಸುಪಾರಿ ಕೊಟ್ಟ ಹಾಗೆ, ಸಿಟ್ಟು ನಿಮ್ಮದಾದರೆ ಕೈಯೂ ನಿಮ್ಮದೇ ಇರಬೇಕು ಅಂತ.

ಇನ್ನು ತಕರಾರು. ಕೊನೆಯಲ್ಲಿ ಶಾಪದ ತಗಡು ಮಾಡಿಸಿದರು. ಇಂಗ್ಲೆಂಡಿನ ಬಾತ್ ಊರಿನ ಬಿಸಿನೀರಿನ ಬುಗ್ಗೆಯಲ್ಲಿ ರೋಮನ್ನರ ಕಾಲದ ಸುಮಾರು 130 ತಗಡುಗಳು ಸಿಕ್ಕಿವೆ. ಸೀಸದಂಥ ಲೋಹದ ಮೇಲೆ ಕೊರೆದು ಸೂಲಿಸ್ ಮಿನರ್ವಾ ದೇವಿಗೆ ಕೊಟ್ಟ ದೂರುಗಳು. ಹೆಚ್ಚಿನವು ಕಳ್ಳತನದವು: ಬಟ್ಟೆ, ಕೈಗವಸು, ನಾಣ್ಯ. ಸೀಸ ವಿಷ ಅಂತ ನಮಗೆ ಅಲ್ಯೂಮಿನಿಯಂ ಹಾಳೆ ಕೊಟ್ಟರು. ಸರಿಯೇ. ಆದರೆ "ನಿಮಗೆ ಯಾರ ಮೇಲೆ ಅನುಮಾನವೋ ಅವರ ಹೆಸರು ಬರೀರಿ" ಅಂದುಬಿಟ್ಟರು. ನನ್ನ ಪಕ್ಕದಲ್ಲಿದ್ದ ಆಂಟಿ ಬಳೆ ಕಳೆದುಕೊಂಡಿದ್ದರು. ಮನೆಕೆಲಸದ ಹೆಂಗಸಿನ ಹೆಸರು ಬರೆದರು. ಕಣ್ಣಲ್ಲಿ ಕಂಡಿದ್ದಲ್ಲ, ಸುಮ್ನೆ ಅನುಮಾನ.

ನಮ್ಮ ಊರಲ್ಲಿ ಅನುಮಾನವೇ ಮೊದಲ ಏಟು ಅಲ್ವಾ? ಅತ್ತೆ ಮದ್ದು ಹಾಕಿದಳು, ನಾದಿನಿ ಮಾಟ ಮಾಡಿಸಿದಳು ಅನ್ನುವ ಫೋನುಗಳು ನಮಗೆ ಬರುತ್ತವೆ. ಹಾಗೆ ಅನ್ನಿಸಿಕೊಂಡು ಮನೆಯಿಂದ ಹೊರಬಿದ್ದ ಹೆಂಗಸರ ಫೋನೂ ಬರುತ್ತದೆ. ಕರ್ನಾಟಕದಲ್ಲಿ 2017ರ ವಾಮಾಚಾರ ವಿರೋಧಿ ಕಾಯ್ದೆ 2020ರ ಜನವರಿಯಲ್ಲಿ ಜಾರಿಗೆ ಬಂತು. ದೆವ್ವ ಬಿಡಿಸುವ ಹೆಸರಲ್ಲಿ ಕಟ್ಟಿ ಹೊಡೆಯುವುದು, ಮಾಟದ ಹೆಸರಲ್ಲಿ ಭಯ ಹುಟ್ಟಿಸುವುದು ಇದರಡಿ ಅಪರಾಧ. ಕ್ಲಾಸಿನಲ್ಲಿ ಈ ಕಾಯ್ದೆಯ ಸುದ್ದಿಯೇ ಬರಲಿಲ್ಲ. ಬೆಂಗಳೂರಿನಲ್ಲಿ ಶಾಪದ ನೀತಿ ಕಲಿಸುವವರು ಇಂಗ್ಲೆಂಡಿನ ಮೂರು ಪಟ್ಟಿನ ಮಾತಿಗೇ ನಿಂತರೆ ಸಾಲದು.

ಬಾತ್‌ನ ತಗಡುಗಳಲ್ಲೇ ಇದಕ್ಕೆ ದಾರಿ ಇದೆ. ಕೆಲವದರಲ್ಲಿ ಅನುಮಾನದ ಹೆಸರುಗಳ ಪಟ್ಟಿ ಇದೆ, ನಿಜ. ಆದರೆ ಕಳ್ಳ ಗೊತ್ತಿಲ್ಲದಾಗ, ಗಂಡಸೋ ಹೆಂಗಸೋ, ಗುಲಾಮನೋ ಅಲ್ಲವೋ, ಕದ್ದವರನ್ನು ನೀನೇ ನೋಡಿಕೋ ಅಂತ ದೇವಿಗೆ ಒಪ್ಪಿಸಿದ ತಗಡುಗಳೂ ಇವೆ. ನಮ್ಮ ಅಜ್ಜಿಯರೂ ತೆಂಗಿನಕಾಯಿ ಕದ್ದವರಿಗೆ ಹೆಸರು ಹಿಡಿಯದೆ, "ಕದ್ದವರ ಕೈ ಸೇದಿಹೋಗ" ಅಂತಲೇ ಶಪಿಸುತ್ತಿದ್ದರು. ಇದನ್ನು ಮೇಡಂಗೆ ಹೇಳಿದೆ. ಆಂಟಿಯ ತಗಡನ್ನು ಅಳಿಸಿ ಮತ್ತೆ ಬರೆಸಿದರು, ಅದು ಅವರ ದೊಡ್ಡ ಗುಣ. ಮುಂದಿನ ಕ್ಲಾಸಿನಲ್ಲಿ ಬದಲಾಯಿಸುವ ಬಗ್ಗೆ ಮಾತ್ರ "ನೋಡೋಣ" ಅಂದರು.

ಸಾಂಬ್ರಾಣಿ ಹೊಗೆ ಜಾಸ್ತಿ, ಉಬ್ಬಸ ಇರುವವರು ಕಿಟಕಿ ಪಕ್ಕ ಕೂತುಕೊಳ್ಳಿ. ಐದಕ್ಕೆ ಮೂರೂವರೆ ಕೊಡುತ್ತೇನೆ. ಅನುಮಾನದ ಹೆಸರು ಬರೆಸುವುದನ್ನು ಮೇಡಂ ನಿಲ್ಲಿಸಿದರೆ ಐದೂ ಕೊಟ್ಟು, ನಮ್ಮ ಸಹಾಯವಾಣಿಯ ಗೆಳತಿಯರನ್ನೂ ಕರೆದುಕೊಂಡು ಹೋಗುತ್ತೇನೆ.