ಗಿಟ್ ಕ್ಲೋನ್‌ನಿಂದ ಲಾಗಿನ್ ಪೇಜ್‌ವರೆಗೆ: ನಾಲ್ಕು ದಾರಿ ಹೋಲಿಸಿ ನೋಡಿದೆ

ನಮ್ಮ ಟೀಮಿಗೆ ಒಬ್ಬರು ಹೊಸದಾಗಿ ಸೇರಿದರು. ಕಾಲೇಜು ಮುಗಿಸಿ ಮೊದಲ ಕೆಲಸ. ಎರಡು ದಿನ ಯಾರನ್ನೂ ಏನೂ ಕೇಳದೆ ಸ್ಕ್ರೀನ್ ನೋಡುತ್ತಾ ಕೂತಿದ್ದರು. ಮೂರನೇ ದಿನ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು ಕೇಳಿದೆ. ‘ಪ್ರಾಜೆಕ್ಟ್ ರನ್ ಆಗ್ತಿಲ್ಲ, ನಂದೇ ಏನೋ ತಪ್ಪಿರಬೇಕು’ ಅಂದರು.

ತಪ್ಪು ಅವರದ್ದಲ್ಲ, ನಮ್ಮದು. ಪ್ರಾಜೆಕ್ಟಿನ ಪರಿಚಯದ ಫೈಲ್ ರೀಡ್‌ಮಿಯಲ್ಲಿ ‘ಪೈಥಾನ್ 3 ಬೇಕು’ ಅಂತ ಮಾತ್ರ ಬರೆದಿದ್ದೆವು. ಅವರ ಉಬುಂಟು 24.04ರ ಜೊತೆ ಬಂದಿದ್ದು ಪೈಥಾನ್ 3.12. ಪ್ಯಾಕೇಜ್ ಕಟ್ಟೋಕೆ ಇದ್ದ ಡಿಸ್ಟ್‌ಯುಟಿಲ್ಸ್ ಅನ್ನೋ ಮಾಡ್ಯೂಲನ್ನು ಆ ಆವೃತ್ತಿಯಿಂದ ತೆಗೆದುಹಾಕಿದ್ದಾರೆ. ನಮ್ಮ ಒಂದು ಹಳೇ ಪ್ಯಾಕೇಜ್ ಅದನ್ನೇ ಇಂಪೋರ್ಟ್ ಮಾಡುತ್ತಿತ್ತು. ಉಳಿದವರೆಲ್ಲ 3.10ರಲ್ಲೇ ಇದ್ದೆವು, ಹಾಗಾಗಿ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಒಬ್ಬರ ಮೊದಲ ಎರಡು ದಿನ, ತನಗೆ ಈ ಕೆಲಸ ಬರಲ್ಲವೇನೋ ಅನ್ನೋ ಭಯದಲ್ಲಿ ಕಳೆದುಹೋಯಿತು. ಅದರಿಂದ ನನಗೆ ತುಂಬಾ ಬೇಜಾರಾಯಿತು.

ಆಮೇಲೆ ಕೂತು, ಹೊಸಬರು ಕೋಡನ್ನು ತಮ್ಮ ಲ್ಯಾಪ್‌ಟಾಪಿಗೆ ಇಳಿಸಿಕೊಂಡಾಗಿನಿಂದ (ಗಿಟ್ ಕ್ಲೋನ್) ಲಾಗಿನ್ ಪೇಜ್ ಕಾಣುವವರೆಗಿನ ಸೆಟಪ್‌ಗೆ ನಾಲ್ಕು ದಾರಿ ಪ್ರಯತ್ನಿಸಿದೆ: ಶೆಲ್ ಸ್ಕ್ರಿಪ್ಟ್ (ಕಮಾಂಡ್‌ಗಳನ್ನು ಸಾಲಾಗಿ ಓಡಿಸುವ ಫೈಲ್), ಪೂರ್ತಿ ಡಾಕರ್ (ಪ್ರೋಗ್ರಾಮನ್ನು ಅದಕ್ಕೆ ಬೇಕಾದದ್ದೆಲ್ಲದರ ಜೊತೆ ‘ಕಂಟೇನರ್’ ಅನ್ನೋ ಪ್ರತ್ಯೇಕ ಡಬ್ಬಿಯಲ್ಲಿ ಓಡಿಸುವ ಉಪಕರಣ), ನಿಕ್ಸ್ (ಪ್ಯಾಕೇಜ್ ಮ್ಯಾನೇಜರ್), ಮತ್ತೆ ಮೀಸ್ (ಭಾಷೆಗಳ ಆವೃತ್ತಿ ನೋಡಿಕೊಳ್ಳುವ ಉಪಕರಣ). ಪ್ರಾಜೆಕ್ಟ್ ಒಂದೇ: ಸರ್ವರ್ ಕಡೆಗೆ ಪೈಥಾನ್‌ನ ಜಾಂಗೋ, ಬ್ರೌಸರ್ ಕಡೆಗೆ ರಿಯಾಕ್ಟ್, ಡೇಟಾಬೇಸ್ ಪೋಸ್ಟ್‌ಗ್ರೆಸ್, ಮೆಮೊರಿಯಲ್ಲಿ ಡೇಟಾ ಇಡುವ ರೆಡಿಸ್. ಯಂತ್ರ ಮೂರು: ಒಂದು ಉಬುಂಟು, ಒಂದು ಎಂ1 ಮ್ಯಾಕ್‌ಬುಕ್, 8 ಜಿಬಿ ರ‍್ಯಾಮ್‌ನ ಒಂದು ವಿಂಡೋಸ್ ಲ್ಯಾಪ್‌ಟಾಪ್. ಎಷ್ಟು ನಿಮಿಷ ಹಿಡಿಯುತ್ತೆ ಅಂತ ನೋಡಿದೆ. ಅದಕ್ಕಿಂತ ಮುಖ್ಯವಾಗಿ, ಬೇಕಂತಲೇ ಕೆಡಿಸಿ ನೋಡಿದೆ. ಪಾಸ್‌ವರ್ಡ್‌ನಂಥ ಸೆಟ್ಟಿಂಗ್‌ಗಳಿರುವ ಎನ್ವ್ ಫೈಲ್ ಅಳಿಸಿದೆ. ಪೋಸ್ಟ್‌ಗ್ರೆಸ್ ಸಾಮಾನ್ಯವಾಗಿ ಬಳಸುವ 5432ನೇ ಪೋರ್ಟ್‌ನಲ್ಲಿ ಮೊದಲೇ ಇನ್ನೊಂದು ಪೋಸ್ಟ್‌ಗ್ರೆಸ್ ಓಡಿಸಿಟ್ಟೆ. ಎಲ್ಲಾ ಸರಿಯಿದ್ದಾಗ ಯಾವ ಸೆಟಪ್ಪೂ ಚೆನ್ನಾಗೇ ಕಾಣುತ್ತೆ. ಕೆಟ್ಟಾಗ ಹೊಸಬರು ಮೆಸೇಜ್ ಓದಿ ತಾವೇ ಸರಿಮಾಡಿಕೊಳ್ಳೋಕೆ ಆಗುತ್ತಾ ಅನ್ನೋದೇ ನನ್ನ ಅಳತೆ.

ಶೆಲ್ ಸ್ಕ್ರಿಪ್ಟ್ ಬರೆಯೋಕೆ ಅರ್ಧ ದಿನ ಸಾಕಾಯಿತು. ಉಬುಂಟುವಿನಲ್ಲಿ ಸಲೀಸಾಗಿ ಓಡಿತು. ಪ್ಯಾಕೇಜ್ ಇನ್‌ಸ್ಟಾಲ್ ಮಾಡೋಕೆ ಮ್ಯಾಕ್‌ನಲ್ಲಿ ಆಪ್ಟ್ ಇಲ್ಲ, ಬ್ರೂ ಬೇಕು. ಫೈಲಿನ ಪಠ್ಯ ತಿದ್ದುವ ಸೆಡ್ ಕಮಾಂಡ್ ಕೂಡ ಅಲ್ಲಿ ಬೇರೆ ಥರ. ಒಂದೊಂದಕ್ಕೂ ಇಫ್ ಸೇರಿಸುತ್ತಾ ಹೋದೆ. ವಿಂಡೋಸ್‌ನಲ್ಲಿ, ಅದರೊಳಗೇ ಲಿನಕ್ಸ್ ಓಡಿಸುವ ಡಬ್ಲ್ಯುಎಸ್ಎಲ್ ಒಳಗೆ ಮೊದಲ ಸಾಲಿಗೇ ನಿಂತಿತು. ಸ್ಕ್ರಿಪ್ಟ್ ಓಡಿಸುವ ಬ್ಯಾಶ್‌ನ ಹೆಸರಿನ ಕೊನೆಗೆ ಒಂದು ಟೋಪಿ ಗುರುತು, ಒಂದು ಎಂ ಅಕ್ಷರ, ‘ಇಂಥ ಇಂಟರ್‌ಪ್ರಿಟರ್ ಇಲ್ಲ’ ಅಂತ ದೂರು. ವಿಂಡೋಸ್ ಕಡೆಯ ಗಿಟ್ ಸಾಲಿನ ಕೊನೆಗಳನ್ನು ವಿಂಡೋಸ್ ಶೈಲಿಗೆ ಬದಲಿಸಿತ್ತು, ಅಷ್ಟೇ. ಗಿಟ್‌ಆಟ್ರಿಬ್ಯೂಟ್ಸ್ ಫೈಲಿನಲ್ಲಿ ಒಂದು ಸಾಲು ಹಾಕಿದರೆ ಸರಿಹೋಗುತ್ತೆ. ಆದರೆ ಆ ಮೆಸೇಜ್ ನೋಡಿ ಮೊದಲ ವಾರದವರಿಗೆ ಇದು ಹೊಳೆಯುತ್ತಾ? ಪೋರ್ಟ್ ಪರೀಕ್ಷೆಯಲ್ಲಿ ಇನ್ನೂ ಕಷ್ಟವಾಯಿತು. ಸ್ಕ್ರಿಪ್ಟ್ ತಕರಾರಿಲ್ಲದೆ ಮುಗಿಯಿತು, ಜಾಂಗೋ ಹೋಗಿ ತಪ್ಪು ಡೇಟಾಬೇಸ್‌ನ ಬಾಗಿಲು ತಟ್ಟಿತು, ‘ಪಾಸ್‌ವರ್ಡ್ ತಪ್ಪು’ ಅಂತ ಬಂತು. ಪಾಸ್‌ವರ್ಡ್ ಸರಿಯಾಗೇ ಇತ್ತು! ಹುಡುಕುತ್ತಾ ಒಂದು ಮಧ್ಯಾಹ್ನ ಹೋಗುತ್ತೆ.

ಅದೇ ಪರೀಕ್ಷೆಗೆ ಡಾಕರ್ ಕಂಪೋಸ್ (ಹಲವು ಕಂಟೇನರ್‌ಗಳನ್ನು ಒಟ್ಟಿಗೆ ಓಡಿಸುವ ಭಾಗ) ಕೊಟ್ಟ ಉತ್ತರ ನೇರವಾಗಿತ್ತು: 5432 ಆಗಲೇ ಬಳಕೆಯಲ್ಲಿದೆ. ಎನ್ವ್ ಫೈಲ್ ಇಲ್ಲದಿದ್ದರೆ ಯಾವ ಫೋಲ್ಡರಿನಲ್ಲಿ ಇಲ್ಲ ಅಂತ ಪೂರ್ತಿ ಪಾತ್ ಹಾಕಿ ಹೇಳಿತು. ಆವೃತ್ತಿಗಳ ಗೊಂದಲವಂತೂ ಮಾಯ, ಯಾಕಂದ್ರೆ ಪೈಥಾನ್ ಕೂಡ ಕಂಟೇನರ್ ಒಳಗೇ ಇರುತ್ತೆ. ಇಲ್ಲಿಗೇ ನಿಲ್ಲಿಸಿಬಿಡೋಣ ಅಂತ ಆಸೆಯಾಯಿತು.

ಆದರೆ ವಾರಗಟ್ಟಲೆ ಅದರಲ್ಲೇ ಕೋಡ್ ಬರೆದಾಗ ಬೇರೆಯದು ಕಂಡಿತು. ಉಬುಂಟುವಿನಲ್ಲಿ ಕಂಟೇನರ್ ಒಳಗಿಂದ ಮೈಗ್ರೇಷನ್ ಫೈಲ್ (ಡೇಟಾಬೇಸ್ ರಚನೆಯ ಬದಲಾವಣೆ ಬರೆದಿಡುವ ಫೈಲ್) ಮಾಡಿಸಿದೆ. ಎಡಿಟರಿನಲ್ಲಿ ತೆರೆದು ಒಂದು ಸಾಲು ತಿದ್ದಿ ಸೇವ್ ಒತ್ತಿದರೆ ‘ಅನುಮತಿ ಇಲ್ಲ’. ಕಂಟೇನರ್ ರೂಟ್ (ಎಲ್ಲ ಅಧಿಕಾರ ಇರುವ ಬಳಕೆದಾರ) ಆಗಿ ಓಡುತ್ತಿತ್ತು, ಹಾಗಾಗಿ ಫೈಲಿನ ಒಡೆತನ ರೂಟ್‌ಗೆ ಹೋಗಿತ್ತು. ಮ್ಯಾಕ್‌ನಲ್ಲಿ ಇದು ಕಾಣಲೇ ಇಲ್ಲ. ಒಂದೇ ಸೆಟಪ್ ಎಲ್ಲಾ ಕಡೆ ಒಂದೇ ಥರ ಇರಲಿ ಅಂತ ಅಲ್ವಾ ಡಾಕರ್ ತಂದಿದ್ದು? ಮ್ಯಾಕ್ ಮತ್ತು ವಿಂಡೋಸ್‌ನಲ್ಲಿ ಕಂಟೇನರ್‌ಗಳು ಒಂದು ಲಿನಕ್ಸ್ ವರ್ಚುಯಲ್ ಮಷೀನ್ ಒಳಗೆ ಓಡುತ್ತವೆ. 8 ಜಿಬಿ ಲ್ಯಾಪ್‌ಟಾಪಿನಲ್ಲಿ ಅದರ ಭಾರ ಚೆನ್ನಾಗಿ ಗೊತ್ತಾಯಿತು. ಬ್ರೌಸರ್ ತೆರೆದರೆ ಎಡಿಟರ್ ಒದ್ದಾಡುತ್ತಿತ್ತು. ಡೆವ್ ಕಂಟೇನರ್ ಬಳಸಿ ಎಡಿಟರನ್ನೂ ಕಂಟೇನರಿಗೆ ಜೋಡಿಸಿದೆ. ಅನುಮತಿ ತೊಂದರೆ ಹೋಯಿತು, ಡೌನ್‌ಲೋಡ್ ಜಾಸ್ತಿಯಾಯಿತು. ಊರಿಗೆ ಹೋಗಿ ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಕೆಲಸ ಮಾಡುವವರು ನಮ್ಮಲ್ಲಿ ಇಬ್ಬರಿದ್ದಾರೆ. ದಿನದ ಡೇಟಾ ಕಂಟೇನರಿನ ಇಮೇಜ್ (ಕಂಟೇನರ್ ಶುರುಮಾಡೋಕೆ ಬೇಕಾದ ಅಚ್ಚು) ಇಳಿಸೋದರಲ್ಲೇ ಖಾಲಿಯಾದರೆ ಅವರು ಏನು ಮಾಡಬೇಕು?

ಇನ್ನೊಂದು ವಿಷಯ ಹೇಳಲೇಬೇಕು. ಪೋಸ್ಟ್‌ಗ್ರೆಸ್ ಇಮೇಜಿಗೆ ಆವೃತ್ತಿ ಹೇಳುವ ಟ್ಯಾಗ್ ‘ಲೇಟೆಸ್ಟ್’ ಅಂತ ಬಿಡಬೇಡಿ. ಮೇಜರ್ ಆವೃತ್ತಿ ಬದಲಾದ ದಿನ ಹಳೇ ವಾಲ್ಯೂಮ್‌ನ (ಕಂಟೇನರಿನ ಡೇಟಾ ಉಳಿಸುವ ಜಾಗ) ಡೇಟಾ ಹೊಸ ಸರ್ವರಿಗೆ ಹೊಂದಲ್ಲ, ಅದು ಶುರುವೇ ಆಗಲ್ಲ. ನಂಬರ್ ಬರೆದಿಡಿ. ಮ್ಯಾಕ್, ವಿಂಡೋಸ್‌ನಲ್ಲಿ ಡಾಕರ್ ಓಡಿಸುವ ಡಾಕರ್ ಡೆಸ್ಕ್‌ಟಾಪ್‌ನ ನಿಯಮವೂ ಗಮನದಲ್ಲಿರಲಿ: 250ಕ್ಕಿಂತ ಜಾಸ್ತಿ ನೌಕರರು ಅಥವಾ ವರ್ಷಕ್ಕೆ 1 ಕೋಟಿ ಡಾಲರ್‌ಗಿಂತ ಜಾಸ್ತಿ ಆದಾಯ ಇರುವ ಕಂಪನಿ ದುಡ್ಡು ಕಟ್ಟಬೇಕು.

ನಿಕ್ಸ್ ಬಗ್ಗೆ ನನಗೆ ನಿಜವಾದ ಗೌರವ ಇದೆ. ಏಲ್ಕೊ ಡಾಲ್ಸ್ಟ್ರಾ ನೆದರ್ಲೆಂಡ್ಸ್‌ನ ಉಟ್ರೆಕ್ಟ್ ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿ ಮಾಡುತ್ತಾ ಕಟ್ಟಿದ್ದು. ಪ್ರಬಂಧ ಬಂದಿದ್ದು 2006ರಲ್ಲಿ. ಪ್ರತಿ ಪ್ಯಾಕೇಜಿಗೂ ಅದರ ಹ್ಯಾಶ್ (ಅದನ್ನು ಕಟ್ಟುವ ವಿವರಗಳಿಂದ ಲೆಕ್ಕಹಾಕಿದ ಗುರುತು) ಹೆಸರಿನಲ್ಲೇ ಒಂದು ಪ್ರತ್ಯೇಕ ಜಾಗ. ಆವೃತ್ತಿಗಳನ್ನು ಬರೆದಿಡುವ ಲಾಕ್ ಫೈಲ್ ಒಂದಿದ್ದರೆ ಕಂಪೈಲರ್, ಲೈಬ್ರರಿ ಎಲ್ಲವೂ ಅದೇ ಆವೃತ್ತಿಗೆ ಕಟ್ಟುಬಿದ್ದಿರುತ್ತೆ. ಪಕ್ಕಾ ಪುನರಾವರ್ತನೆ ಅಂದರೆ ನಾಲ್ಕರಲ್ಲಿ ಇದೇ ಮುಂದೆ, ಅನುಮಾನವೇ ಇಲ್ಲ.

ಆದರೆ ಕೆಟ್ಟಾಗ? ಏನೇನು ಬೇಕು ಅಂತ ನಿಕ್ಸ್‌ಗೆ ಹೇಳುವ ಫ್ಲೇಕ್ ಫೈಲ್ ಬರೆದೆ, ಓಡಿಸಿದೆ, ‘ಆ ಫೈಲೇ ಇಲ್ಲ’ ಅಂತ ಬಂತು. ಫೈಲ್ ಕಣ್ಣೆದುರೇ ಇದೆ! ಮೆಸೇಜಿನಲ್ಲಿದ್ದ ಪಾತ್ ಮಾತ್ರ ನನ್ನ ಫೋಲ್ಡರಿನದಲ್ಲ, ನಿಕ್ಸ್ ಸ್ಟೋರಿನದು, ಮುಂದೆ ಉದ್ದದ ಹ್ಯಾಶ್. ಆಮೇಲೆ ತಿಳಿಯಿತು: ಗಿಟ್ ರೆಪೊ ಒಳಗಿದ್ದರೆ, ಗಿಟ್ ಆ್ಯಡ್ ಮಾಡದ ಫೈಲ್ ಫ್ಲೇಕಿಗೆ ಕಾಣಲ್ಲ. ಮುಂದೆ ಪೈಥಾನ್‌ನ ಲೆಕ್ಕದ ಲೈಬ್ರರಿ ನಂಪೈ ಇಂಪೋರ್ಟ್ ಮಾಡಿದರೆ ಸಿ++ ಲೈಬ್ರರಿ ಸಿಗುತ್ತಿಲ್ಲ ಅಂತ ತಕರಾರು. ಪೈಥಾನ್ ಪ್ಯಾಕೇಜ್ ಇಳಿಸುವ ಪಿಪ್ ತಂದ ವೀಲ್ (ಮೊದಲೇ ಸಿದ್ಧವಾದ ಪ್ಯಾಕೇಜ್) ಆ ಲೈಬ್ರರಿ ಸಾಮಾನ್ಯ ಜಾಗದಲ್ಲಿ ಇರುತ್ತೆ ಅಂದುಕೊಂಡಿರುತ್ತೆ, ನಿಕ್ಸ್‌ನ ಪೈಥಾನ್ ಆ ಜಾಗ ನೋಡೋದೇ ಇಲ್ಲ. ಎರಡನ್ನೂ ಬಗೆಹರಿಸಿದೆ. ನನಗೆ ಎರಡು ಸಂಜೆ ಹಿಡಿಯಿತು. ಟೀಮಿನಲ್ಲಿ ನಿಕ್ಸ್ ಬಲ್ಲವರು ಇಬ್ಬರಾದರೂ ಇದ್ದರೆ ಕಣ್ಣುಮುಚ್ಚಿ ಹೋಗಿ. ನಮ್ಮಲ್ಲಿ ಯಾರೂ ಇರಲಿಲ್ಲ.

ಮೀಸ್ ಚಿಕ್ಕ ಉಪಕರಣ. ರಸ್ಟ್‌ನಲ್ಲಿ ಬರೆದದ್ದು, ಮೊದಲು ಆರ್‌ಟಿಎಕ್ಸ್ ಅಂತ ಹೆಸರಿತ್ತು. ಒಂದು ಫೈಲಿನಲ್ಲಿ ಪೈಥಾನ್ ಇಷ್ಟು, ನೋಡ್ ಇಷ್ಟು ಅಂತ ಬರೆದರೆ ಅದೇ ತಂದು ಕೂರಿಸುತ್ತೆ. ಪೈಥಾನನ್ನು ಮೊದಲೇ ಕಂಪೈಲ್ ಆದ ರೂಪದಲ್ಲೇ ತರುತ್ತೆ, ಇಂಥದೇ ಇನ್ನೊಂದು ಉಪಕರಣ ಆಸ್ಡಿಎಫ್‌ನಲ್ಲಿ ಮಾಡುತ್ತಿದ್ದ ಹಾಗೆ ಕಂಪೈಲ್‌ಗಾಗಿ ಕಾಯಬೇಕಿಲ್ಲ. ಟಾಸ್ಕ್‌ಗಳನ್ನೂ (ಒಂದು ಹೆಸರು ಕೊಟ್ಟು ಓಡಿಸುವ ಕಮಾಂಡ್‌ಗಳು) ಅಲ್ಲೇ ಬರೆಯಬಹುದು. ಇದರಲ್ಲಿ ಹೊಸಬರು ಎಡವಿದ್ದು ಒಂದೇ ಕಡೆ: ಶೆಲ್‌ಗೆ ಆಕ್ಟಿವೇಟ್ ಸಾಲು ಸೇರಿಸದೆ ಪೈಥಾನ್ ಅಂತ ಟೈಪ್ ಮಾಡಿದರೆ ಮೀಸ್ ತಂದದ್ದಲ್ಲ, ಸಿಸ್ಟಮ್‌ನದೇ ಬರುತ್ತೆ. ಅದಕ್ಕೆ ನಾವು ಎಲ್ಲವನ್ನೂ ‘ಮೀಸ್ ರನ್’ ಮೂಲಕವೇ ಓಡಿಸುತ್ತೇವೆ, ಆಗ ಆ ಸಾಲು ಬೇಕಾಗಲ್ಲ. ಪೋಸ್ಟ್‌ಗ್ರೆಸ್ ಸರ್ವರ್ ಓಡಿಸೋದು ಅದರ ಕೆಲಸ ಅಲ್ಲ. ಸಿಸ್ಟಮ್ ಲೈಬ್ರರಿಯನ್ನೂ ನೋಡಿಕೊಳ್ಳಲ್ಲ; ಪೋಸ್ಟ್‌ಗ್ರೆಸ್ ಲೈಬ್ರರಿ ಎಲ್ಲಿದೆ ಅಂತ ಹೇಳುವ ಪಿಜಿ-ಕಾನ್ಫಿಗ್ ಇಲ್ಲ ಅನ್ನೋ ದೂರು ಮ್ಯಾಕ್‌ನಲ್ಲಿ ಬಂದೇ ಬಂತು. ಪೈಥಾನನ್ನು ಪೋಸ್ಟ್‌ಗ್ರೆಸ್‌ಗೆ ಜೋಡಿಸುವ ಸೈಕಾಪಿಜಿ2ರ, ಮೊದಲೇ ಕಂಪೈಲ್ ಆದ ಬೈನರಿ ಪ್ಯಾಕೇಜಿಗೆ ಬದಲಾಯಿಸಿಕೊಂಡೆವು.

ಹಾಗಾಗಿ ನಾವು ಆರಿಸಿಕೊಂಡಿದ್ದು ಬೆರಕೆ. ಭಾಷೆಗಳು ಲ್ಯಾಪ್‌ಟಾಪ್ ಮೇಲೇ, ಮೀಸ್ ಮೂಲಕ. ಪೋಸ್ಟ್‌ಗ್ರೆಸ್, ರೆಡಿಸ್ ಮಾತ್ರ ಕಂಪೋಸ್‌ನಲ್ಲಿ, ಆಲ್ಪೈನ್ ಅನ್ನೋ ಪುಟ್ಟ ಲಿನಕ್ಸ್‌ನ ಚಿಕ್ಕ ಇಮೇಜ್‌ಗಳು, ಜೊತೆಗೆ ಅವು ಸರಿಯಾಗಿ ಓಡುತ್ತಿವೆಯಾ ಅಂತ ನೋಡುವ ಹೆಲ್ತ್‌ಚೆಕ್. ವಿಂಡೋಸ್‌ನವರು ರೆಪೊವನ್ನು ಸಿ ಡ್ರೈವ್‌ನಲ್ಲಿ ಇಡದೆ ಡಬ್ಲ್ಯುಎಸ್ಎಲ್‌ನ ಹೋಮ್ ಫೋಲ್ಡರಿನಲ್ಲೇ ಇಡಬೇಕು, ಫೈಲ್ ಓದೋದರಲ್ಲಿ ವ್ಯತ್ಯಾಸ ಕಣ್ಣಿಗೇ ಕಾಣುತ್ತೆ. ‘ಸೆಟಪ್’ ಅಂತ ಒಂದು ಟಾಸ್ಕ್. ‘ಡಾಕ್ಟರ್’ ಅಂತ ಇನ್ನೊಂದು; ಪೋರ್ಟ್, ಎನ್ವ್ ಫೈಲ್, ಡಿಸ್ಕ್ ಜಾಗ ನೋಡಿ, ಏನು ಮಾಡಬೇಕು ಅಂತ ಒಂದು ವಾಕ್ಯದಲ್ಲಿ ಹೇಳುತ್ತೆ. ಸೆಟಪ್ ಟಾಸ್ಕನ್ನು ಸಿಐನಲ್ಲಿ (ಪರೀಕ್ಷೆಗಳನ್ನು ತಾನೇ ಓಡಿಸುವ ವ್ಯವಸ್ಥೆ) ಖಾಲಿ ಉಬುಂಟು ಮೇಲೆ ದಿನಾ ಓಡಿಸುತ್ತೇವೆ.

ಇತ್ತೀಚೆಗೆ ಸೇರಿದ ಹುಡುಗ ಊರಿಂದಲೇ, ಹಾಟ್‌ಸ್ಪಾಟ್‌ನಲ್ಲಿ ಶುರುಮಾಡಿದ. ಅರ್ಧ ಗಂಟೆಗೆ ಲಾಗಿನ್ ಪೇಜ್ ಬಂತು. ನಡುವೆ ಒಂದು ಕಡೆ ನಿಂತಿದ್ದ: ಡಾಕರ್ ಓಡಿಸೋ ಅನುಮತಿಗೆ ತನ್ನ ಹೆಸರನ್ನು ಡಾಕರ್ ಗ್ರೂಪಿಗೆ ಸೇರಿಸಿಕೊಂಡ ಮೇಲೆ ಒಮ್ಮೆ ಲಾಗ್‌ಔಟ್ ಆಗಿ ಬರಬೇಕು ಅನ್ನೋದನ್ನ ನಾವು ಎಲ್ಲೂ ಬರೆದಿರಲಿಲ್ಲ. ಅವನೇ ಹುಡುಕಿಕೊಂಡ. ಅವನ ಮೊದಲ ಪುಲ್ ರಿಕ್ವೆಸ್ಟ್ (ಕೋಡಿಗೆ ಬದಲಾವಣೆ ಸೇರಿಸಿ ಅನ್ನೋ ಕೋರಿಕೆ) ‘ಡಾಕ್ಟರ್’ ಟಾಸ್ಕಿಗೆ ಆ ಒಂದು ಸಾಲು ಸೇರಿಸಿದ್ದು. ಅದೇ ದಿನ ಸಂಜೆ ಮರ್ಜ್ ಮಾಡಿದೆವು.