ಹತ್ತನೇ ಹಾಡು ಎಲ್ಲಿ? ಹೊಸ ಆಲ್ಬಮ್ ಹುಡುಕಲು ನಾನು ಹಿಡಿದ ನಾಲ್ಕು ದಾರಿ

ಮೊದಲೇ ಹೇಳಿಬಿಡುತ್ತೇನೆ, ನಾನು ಬ್ಯಾಂಡ್‌ಕ್ಯಾಂಪ್ ಪಕ್ಷ. ಹಾಡುಗಾರರು ತಮ್ಮ ಆಲ್ಬಮ್‌ಗಳನ್ನು ಕೇಳುಗರಿಗೆ ನೇರವಾಗಿ ಮಾರುವ ವೆಬ್‌ಸೈಟ್ ಅದು. ಫೋಕ್ ಮತ್ತು ಇಂಡೀ ಪಾಪ್ (ದೊಡ್ಡ ಕಂಪನಿಗಳ ಹಂಗಿಲ್ಲದ ಪಾಪ್) ಆಲ್ಬಮ್‌ಗಳ ಹುಚ್ಚು ಹತ್ತಿ ಬಹಳ ವರ್ಷವಾಯಿತು. ಹೊಸದನ್ನು ಹುಡುಕೋಕೆ ನಾಲ್ಕು ದಾರಿ ಹಿಡಿದು ನೋಡಿದ್ದೇನೆ. ಸ್ಟ್ರೀಮಿಂಗ್ ಆ್ಯಪ್ ಕೊಡುವ ಪಟ್ಟಿ, ರೇಡಿಯೊ, ಲೇಬಲ್‌ಗಳ (ಆಲ್ಬಮ್ ಹೊರತರುವ ಕಂಪನಿಗಳ) ಬೆನ್ನು ಹತ್ತುವುದು, ಕೊನೆಗೆ ಬ್ಯಾಂಡ್‌ಕ್ಯಾಂಪ್. ಇವನ್ನೆಲ್ಲ ಪಕ್ಕಪಕ್ಕ ಇಟ್ಟು ತೂಗುವ ಯೋಚನೆ ನನಗೆ ಬಂದಿರಲಿಲ್ಲ. ಹಾಗೆ ಮಾಡಿಸಿದ್ದು ಒಂದು ಹಾಡು.

ನಾನು ತಿಂಗಳಿಗಿಷ್ಟು ಅಂತ ದುಡ್ಡು ಕಟ್ಟುತ್ತಿದ್ದ ಒಂದು ಆ್ಯಪ್‌ನಲ್ಲಿ ಒಬ್ಬ ಫೋಕ್ ಗಾಯಕಿಯ ಆಲ್ಬಮ್ ಸಿಕ್ಕಿತು. ಒಂದು ಗಿಟಾರ್, ಒಂದು ಚೆಲ್ಲೊ, ಅವರ ದನಿ. ಇಷ್ಟೇ. ರಾತ್ರಿ ಪಾತ್ರೆ ತೊಳೆಯುವಾಗ ಫೋನನ್ನು ಕಿಟಕಿ ಕಟ್ಟೆ ಮೇಲಿಟ್ಟು ಹಾಕಿಬಿಡುತ್ತಿದ್ದೆ. ಕೈಯೆಲ್ಲ ಸೋಪು, ಪರದೆ ಕಡೆ ನೋಡುವ ಮಾತೇ ಇಲ್ಲ. ಆಲ್ಬಮ್‌ನ ಕೊನೆಗೆ ಒಂದು ಹಾಡು ಬರುತ್ತಿತ್ತು. ಹಾರ್ಮೋನಿಯಂ ತರಹದ ಒಂದು ಎಳೆ, ಅದರ ಮೇಲೆ ಇಬ್ಬರ ದನಿ. ಉಳಿದ ಎಲ್ಲಕ್ಕಿಂತ ನನಗೆ ಇದೇ ಹಿಡಿಸಿತು. ಕೊನೆಯ ಹಾಡಿಗೆ ಯಾರನ್ನೋ ಜೊತೆಗೆ ಕರೆಸಿದ್ದಾರೆ, ಒಳ್ಳೆಯ ಯೋಚನೆ ಅಂದುಕೊಂಡೆ. ಗೆಳೆಯನೊಬ್ಬನಿಗೆ ಇದರ ಬಗ್ಗೆ ಉದ್ದದ ಮೆಸೇಜ್ ಬೇರೆ ಕಳಿಸಿದೆ.

ಮೂರು ವಾರ ಕಳೆದ ಮೇಲೆ ಇದನ್ನು ಕೊಂಡೇ ಇಟ್ಟುಕೊಳ್ಳಬೇಕು ಅನಿಸಿತು. ಬ್ಯಾಂಡ್‌ಕ್ಯಾಂಪ್‌ನಲ್ಲಿ ಕೊಂಡೆ. ಎಫ್‌ಎಲ್‌ಎಸಿ ಫೈಲ್‌ಗಳನ್ನು (ಧ್ವನಿಯ ಗುಣ ಕೆಡದ ಬಗೆಯ ಫೈಲ್) ಇಳಿಸಿ ಪ್ಲೇಯರ್‌ಗೆ ಹಾಕಿದೆ. ಒಂಬತ್ತು ಹಾಡು ಮುಗಿಯಿತು. ಆಮೇಲೆ ನಲ್ಲಿಯ ಸದ್ದು ಮಾತ್ರ.

ಡೌನ್‌ಲೋಡ್ ಅರ್ಧಕ್ಕೆ ನಿಂತಿರಬೇಕು ಅಂತ ಮತ್ತೆ ಇಳಿಸಿದೆ. ಆಗಲೂ ಒಂಬತ್ತೇ. ಒಂದು ಹಾಡು ಬಿಟ್ಟುಹೋಗಿದೆ ನೋಡಿ ಅಂತ ಆ ಗಾಯಕಿಗೇ ಬರೆದೆ. ಎರಡು ದಿನ ಬಿಟ್ಟು ಉತ್ತರ ಬಂತು, ಬಹಳ ಮರ್ಯಾದೆಯಿಂದ. ಆಲ್ಬಮ್‌ನಲ್ಲಿ ಇರುವುದೇ ಒಂಬತ್ತು ಹಾಡು, ಹಾರ್ಮೋನಿಯಂ ನಾವು ಬಳಸಿಲ್ಲ, ಕೊಂಡದ್ದಕ್ಕೆ ಥ್ಯಾಂಕ್ಸ್. ಓದಿ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ.

ಆಗಿದ್ದು ಇಷ್ಟೇ. ಆಲ್ಬಮ್ ಮುಗಿದ ತಕ್ಷಣ ಆ್ಯಪ್ ತಾನೇ ಒಂದು ‘ಹೋಲುವ’ ಹಾಡನ್ನು ಹಚ್ಚುತ್ತದೆ. ಆಟೊಪ್ಲೇ ಅಂತಾರೆ. ನಡುವೆ ಒಂದು ಸೆಕೆಂಡೂ ಬಿಡುವಿಲ್ಲ, ಗಂಟು ಎಲ್ಲಿದೆ ಅಂತ ಕಿವಿಗೆ ಗೊತ್ತೇ ಆಗುವುದಿಲ್ಲ. ಸರಿ, ಆ ಹಾಡು ಯಾರದ್ದು ಅಂತ ನೋಡೋಣ ಎಂದು ಆಲ್ಬಮ್ ಹಾಕಿ ಕಾದು ಕೂತೆ. ಅವತ್ತು ಬೇರೆ ಯಾವುದೋ ಹಾಡು ಬಂತು. ಮರುದಿನ ಇನ್ನೊಂದು. ಇಷ್ಟು ದಿನ ಬಿಡದೆ ಬರುತ್ತಿದ್ದ ಹಾಡು ನಾನು ಹುಡುಕಿದ ದಿನದಿಂದ ನಾಪತ್ತೆ! ‘ಈಚೆಗೆ ಕೇಳಿದ್ದು’ ಪುಟದಲ್ಲಿ ಆಲ್ಬಮ್‌ನ ಹೆಸರಿತ್ತು, ಬಾಲಕ್ಕೆ ಅಂಟಿಕೊಂಡು ಬಂದ ಹಾಡುಗಳ ಹೆಸರಿರಲಿಲ್ಲ. ಅರ್ಧಂಬರ್ಧ ನೆನಪಿದ್ದ ಎರಡು ಸಾಲನ್ನು ಹಾಕಿ ಹುಡುಕಿದರೂ ಏನೂ ಸಿಗಲಿಲ್ಲ.

ಆಟೊಪ್ಲೇಯನ್ನು ಆಫ್ ಮಾಡಬಹುದು, ಸೆಟ್ಟಿಂಗ್‌ನಲ್ಲಿ ಕೆಳಗೆಲ್ಲೋ ಒಂದು ಗುಂಡಿ ಇದೆ. ಫೋನ್‌ನಲ್ಲಿ ಆಫ್ ಮಾಡಿದೆ, ಲ್ಯಾಪ್‌ಟಾಪ್‌ನಲ್ಲಿ ಅದು ಆನ್ ಆಗಿಯೇ ಇತ್ತು. ಆದರೆ ನನ್ನ ತಕರಾರು ಗುಂಡಿಯದ್ದಲ್ಲ. ಆಲ್ಬಮ್ ಮಾಡುವವರು ಯಾವ ಹಾಡು ಮೊದಲು, ಯಾವುದು ಕೊನೆಗೆ ಅಂತ ತಲೆ ಕೆಡಿಸಿಕೊಂಡು ಜೋಡಿಸಿರುತ್ತಾರೆ. ಕೊನೆಯ ಹಾಡಿನ ಹಿಂದೆ ಬೇರೆಯವರ ಹಾಡನ್ನು ತಂದು ನಿಲ್ಲಿಸಿದರೆ, ಇಬ್ಬರ ಕೆಲಸವೂ ಕಲಸಿಹೋಗುತ್ತದೆ. ಒಬ್ಬರಿಗೆ ಸಲ್ಲಬೇಕಾದ ಮೆಚ್ಚುಗೆಯನ್ನು ಮೂರು ವಾರ ಇನ್ನೊಬ್ಬರಿಗೆ ಕೊಟ್ಟಿದ್ದೆ, ಅಲ್ವಾ?

ಇನ್ನು ಆ್ಯಪ್ ಪ್ರತಿ ವಾರ ಕೊಡುವ ಪಟ್ಟಿ. ಅದು ಪೂರ್ತಿ ಕೆಟ್ಟದ್ದು ಅಂತ ನಾನು ಹೇಳಲ್ಲ. ನನ್ನ ಹಾಗೆ ಕೇಳುವ ಇತರರು ಇನ್ನೇನು ಕೇಳುತ್ತಾರೆ ಅಂತ ನೋಡಿ, ಅದನ್ನು ನನಗೆ ದಾಟಿಸುವುದು ಅದರ ಮುಖ್ಯ ಉಪಾಯ. ಹತ್ತು ವರ್ಷ ಹಳೆಯ ಒಳ್ಳೆಯ ಇಂಡೀ ಪಾಪ್ ಬೇಕಿದ್ದರೆ ಇದು ಸಾಕು. ತೊಡಕು ಬರುವುದು ಹೊಸ ಆಲ್ಬಮ್‌ಗಳಲ್ಲೇ. ಕಳೆದ ಶುಕ್ರವಾರ ಬಂದ ಆಲ್ಬಮ್ ಅನ್ನು ಇಲ್ಲಿಯವರೆಗೆ ಬರೀ ನಲವತ್ತು ಜನ ಕೇಳಿದ್ದರೆ, ಲೆಕ್ಕ ಹಾಕಲು ಅದಕ್ಕೆ ಏನಿದೆ? ಜೊತೆಗೆ ಅದು ಕೊಡುವುದು ಬಿಡಿ ಹಾಡು. ನನಗೆ ಬೇಕಿರುವುದು ಆಲ್ಬಮ್.

ರೇಡಿಯೊ ಬಗ್ಗೆ ಜಾಸ್ತಿ ಹೇಳೋದಿಲ್ಲ, ಯಾಕೆಂದರೆ ನನಗೆ ಪುರುಸೊತ್ತಿಲ್ಲ. ಪುರುಸೊತ್ತಿದ್ದವರಿಗೆ ಇದಕ್ಕಿಂತ ಒಳ್ಳೆಯದಿಲ್ಲ. ಸಿಯಾಟಲ್‌ನ ಕೆಇಎಕ್ಸ್‌ಪಿ ಇದೆ, 2002ರಲ್ಲಿ ಶುರುವಾದ ಬಿಬಿಸಿ ರೇಡಿಯೊ 6 ಮ್ಯೂಸಿಕ್ ಇದೆ. 2010ರಲ್ಲಿ ಈ ಎರಡನೆಯದನ್ನು ಮುಚ್ಚುವ ಮಾತು ಬಂದಾಗ ಕೇಳುಗರೇ ಗಲಾಟೆ ಮಾಡಿ ಉಳಿಸಿಕೊಂಡರು. ಕೆಇಎಕ್ಸ್‌ಪಿಯ ಹಾಡಿನ ಪಟ್ಟಿಯಲ್ಲಿ ಹಾಡು ಹಾಕಿದವರು ಎರಡು ಮಾತು ಬರೆದಿರುತ್ತಾರೆ. ನಾನು ಕೇಳುವುದಕ್ಕಿಂತ ಆ ಪಟ್ಟಿ ಓದುವುದೇ ಹೆಚ್ಚು.

ಲೇಬಲ್ ದಾರಿ ನನಗೆ ಎರಡನೇ ಇಷ್ಟ. ಒಂದು ಆಲ್ಬಮ್ ಹಿಡಿಸಿದರೆ ಅದನ್ನು ಹೊರತಂದವರು ಯಾರು ಅಂತ ನೋಡಿ, ಅವರು ಮಾಡಿದ್ದೆಲ್ಲ ಕೇಳುವುದು. ಸಣ್ಣ ಲೇಬಲ್ ಅಂದರೆ ಒಬ್ಬಿಬ್ಬರ ರುಚಿ. ಬ್ರಿಸ್ಟಲ್‌ನ ಸಾರಾ ರೆಕಾರ್ಡ್ಸ್ 1987ರಲ್ಲಿ ಇಬ್ಬರು ಸೇರಿ ಶುರು ಮಾಡಿದ್ದು. 1995ರಲ್ಲಿ ಹೊರತಂದವುಗಳ ಲೆಕ್ಕ ನೂರಕ್ಕೆ ಬಂದಾಗ ಸಾಕು ಅಂತ ನಿಲ್ಲಿಸಿಬಿಟ್ಟರು. ಮೆದುವಾದ ಗಿಟಾರ್ ಪಾಪ್ ಅಂದರೆ ಏನು ಅಂತ ನಾನು ಕಲಿತದ್ದು ಅಲ್ಲೇ. ಅಮೆರಿಕದಲ್ಲಿ ಅದೇ ಜಾಡಿನ ಸ್ಲಂಬರ್‌ಲ್ಯಾಂಡ್ 1989ರಿಂದ ಇದೆ. ಫೋಕ್‌ಗೆ ಹೋದರೆ ಇಂಗ್ಲೆಂಡಿನ ಟಾಪಿಕ್ 1939ರದ್ದು. ಮೋಸಸ್ ಆಶ್ 1948ರಲ್ಲಿ ಕಟ್ಟಿದ ಫೋಕ್‌ವೇಸ್ ಅನ್ನು 1987ರಲ್ಲಿ ಅಮೆರಿಕದಲ್ಲಿ ಮ್ಯೂಸಿಯಂಗಳನ್ನು ನಡೆಸುವ ಸ್ಮಿತ್‌ಸೋನಿಯನ್ ಸಂಸ್ಥೆ ತೆಗೆದುಕೊಂಡಿತು. ಒಂದು ಶರತ್ತಿನ ಮೇಲೆ: ಪಟ್ಟಿಯಲ್ಲಿರುವ ಯಾವ ಆಲ್ಬಮ್ ಕೂಡ ಸಿಗದಂತೆ ಆಗಬಾರದು, ಮಾರಾಟವಾಗಲಿ ಬಿಡಲಿ. ಫೋಕ್‌ವೇಸ್ ಆಲ್ಬಮ್‌ಗಳ ಜೊತೆ ಬರುವ ಟಿಪ್ಪಣಿ ಪುಸ್ತಿಕೆಗಳು ಪುಕ್ಕಟೆ ಡೌನ್‌ಲೋಡ್‌ಗೆ ಸಿಗುತ್ತವೆ. ಒಂದನ್ನು ತೆರೆದರೆ ರಾತ್ರಿ ಹೋಯಿತು ಅಂತಲೇ ಲೆಕ್ಕ. ಆದರೆ ಈ ದಾರಿಯಲ್ಲಿ ಹೊಸದಕ್ಕಿಂತ ಹಳೆಯದರಲ್ಲೇ ಮುಳುಗಿಬಿಡುತ್ತೇನೆ.

ಬ್ಯಾಂಡ್‌ಕ್ಯಾಂಪ್ ಗೆದ್ದಿದ್ದು ಹೇಗೆ ಅಂತ ಹೇಳಬೇಕಾದರೆ ಮತ್ತೆ ಆ ಹಾಡಿಗೇ ಬರಬೇಕು. ಅಲ್ಲಿ ಆಲ್ಬಮ್‌ನ ಪುಟದಲ್ಲಿ ಅದನ್ನು ಕೊಂಡವರ ಪುಟ್ಟ ಪುಟ್ಟ ಚಿತ್ರಗಳಿರುತ್ತವೆ. ಒಂದನ್ನು ಒತ್ತಿದರೆ ಆ ಮನುಷ್ಯ ಕೊಂಡ ಉಳಿದ ಆಲ್ಬಮ್‌ಗಳೆಲ್ಲ ಕಪಾಟಿನಲ್ಲಿಟ್ಟ ಹಾಗೆ ಕಾಣುತ್ತವೆ. ಕೆಲವರು ಯಾವ ಹಾಡು ಇಷ್ಟ, ಯಾಕೆ ಅಂತ ಒಂದು ಸಾಲು ಬರೆದಿರುತ್ತಾರೆ. ಒಂದು ಭಾನುವಾರ ಆ ಗಾಯಕಿಯ ಆಲ್ಬಮ್ ಕೊಂಡವರ ಕಪಾಟುಗಳನ್ನು ಒಂದೊಂದಾಗಿ ತೆರೆಯುತ್ತಾ ಹೋದೆ. ಮೊದಲನೆಯವರದ್ದರ ತುಂಬ ಮೆಟಲ್ ಅನ್ನುವ ಅಬ್ಬರದ ರಾಕ್. ಎರಡನೆಯವರ ಬಳಿ ಎರಡೇ ಆಲ್ಬಮ್. ನಾಲ್ಕನೆಯವರ ಕಪಾಟಿನಲ್ಲಿ ನಸುನೀಲಿ ಹೊದಿಕೆಯ ಒಂದು ಆಲ್ಬಮ್ ಇತ್ತು. ಒತ್ತಿದೆ. ಹಾರ್ಮೋನಿಯಂ ಎಳೆ, ಇಬ್ಬರ ದನಿ. ಕುರ್ಚಿಯಿಂದ ಎದ್ದು ನಿಂತೇಬಿಟ್ಟೆ.

ಹಾಗಂತ ಅಲ್ಲಿ ಎಲ್ಲವೂ ಸಲೀಸಲ್ಲ. ‘ಫೋಕ್’ ಅನ್ನುವ ಟ್ಯಾಗ್ ಅನ್ನು ಹಾಡುಗಾರರೇ ಹಚ್ಚಿಕೊಳ್ಳುವುದರಿಂದ, ಟ್ಯಾಗ್ ಹಿಡಿದು ಹುಡುಕಿದರೆ ಅರ್ಧ ಗಂಟೆ ಗುಂಯ್ ಅನ್ನುವ ಒಂದೇ ಸ್ವರವೂ ಸಿಗುತ್ತದೆ. ಕೊಂಡವರ ಕಪಾಟಿನಿಂದ ಹೋದರೆ ಮಾತ್ರ ಲಾಭ. ಕಂಡಕಂಡವರನ್ನೆಲ್ಲ ಫಾಲೊ ಮಾಡಿ ಮೇಲ್‌ಬಾಕ್ಸ್ ತುಂಬಿಸಿಕೊಂಡಿದ್ದು ನನ್ನದೇ ತಪ್ಪು.

ದುಡ್ಡಿನ ಲೆಕ್ಕದಲ್ಲಿ ನಾನು ಜುಗ್ಗ. ತಿಂಗಳಿಗೆ ಇಷ್ಟೇ ಅಂತ ತೆಗೆದಿಟ್ಟಿದ್ದೇನೆ, ಅದರಲ್ಲಿ ಆ್ಯಪ್‌ನ ಚಂದಾ ಮತ್ತು ಆಲ್ಬಮ್ ಎರಡೂ ಆಗುವುದಿಲ್ಲ. ಚಂದಾ ನಿಲ್ಲಿಸಿದೆ. ಈಗ ತಿಂಗಳಿಗೆ ಒಂದು ಆಲ್ಬಮ್, ಕೆಲವೊಮ್ಮೆ ಎರಡು. ಬ್ಯಾಂಡ್‌ಕ್ಯಾಂಪ್ ಡಿಜಿಟಲ್ ಆಲ್ಬಮ್‌ನಲ್ಲಿ ಸಾಮಾನ್ಯವಾಗಿ 15% ಇಟ್ಟುಕೊಳ್ಳುತ್ತದೆ. 2020ರ ಮಾರ್ಚ್ 20ರಂದು, ಕೊರೊನಾ ಬಂದು ಸಂಗೀತ ಕಛೇರಿಗಳೆಲ್ಲ ನಿಂತಿದ್ದಾಗ, ಒಂದು ದಿನ ತನ್ನ ಪಾಲನ್ನೇ ಬಿಟ್ಟಿತ್ತು. ಆಮೇಲೆ ಹಾಗೆ ಬಿಡುವ ಶುಕ್ರವಾರಗಳು ಆಗಾಗ ಬರುತ್ತಿವೆ. ನಾನು ಆ ಶುಕ್ರವಾರಕ್ಕೇ ಕಾದು ಕೊಳ್ಳುತ್ತೇನೆ. ದಿನವಿಡೀ ಹಿನ್ನೆಲೆಗೆ ಏನಾದರೂ ಹಾಡುತ್ತಿರಬೇಕು ಅನ್ನುವವರಿಗೆ ಈ ಲೆಕ್ಕ ಒಪ್ಪದು. ಅವರಿಗೆ ಆ್ಯಪ್ಪೇ ಸರಿ.

ನಸುನೀಲಿ ಆಲ್ಬಮ್ ಕೊಂಡೆ ಅಂತ ಬೇರೆ ಹೇಳಬೇಕಿಲ್ಲ. ಅದರಲ್ಲಿ ಆ ಹಾಡು ಎರಡನೆಯದು. ಪ್ಲೇಯರ್‌ನಲ್ಲಿ ಮಾತ್ರ ಅದರ ಇನ್ನೊಂದು ಪ್ರತಿಯನ್ನು ಗಾಯಕಿಯ ಒಂಬತ್ತು ಹಾಡಿನ ಹಿಂದೆ ಸೇರಿಸಿಟ್ಟಿದ್ದೇನೆ. ಅವರಿಗೆ ಇದನ್ನು ಬರೆದು ತಿಳಿಸಿಲ್ಲ.